ಕೊನೆಯ ಕಂತಿನ ಹಾಳೆಗಳು

ಕೊನೆಯ ಮಾತಾ... ಕೊನೆಗೆ ಏನಂದ್ರು ಅಂತ ತಾನೇ ಕೇಳಿದ್ದು? ಹೇಳ್ತೀನಿ ಅತ್ತಿಗೆ, ಅದನ್ನ ಹೇಳೋಕೆ ಅಂತಲೇ ನಾನು ಹಿಂದೆ ಉಳಿದದ್ದು. ಇವತ್ತು ನಲವತ್ತೊಂಬತ್ತನೇ ದಿನದ ಕಾರ್ಯ, ಸ್ಟುಡಿಯೋದವರೆಲ್ಲ ಬಂದ್ರು, ಊದುಬತ್ತಿ ಹಚ್ಚಿದ್ರು, ಫೋಟೋಗೆ ಕೈಮುಗಿದ್ರು, ಚಪ್ಪಲಿ ಮೆಟ್ಟಿಕೊಂಡು ಹೊರಟ್ರು. ನಾನೂ ಹಾಗೇ ಎದ್ದು ಹೋಗಬಹುದಿತ್ತು. ಬೇಡ ಬೇಡ, ಚಹಾ ಬೇಡ. ನೀವು ಕೂತ್ಕೊಳ್ಳಿ. ಮಗು ಮಲಗಿದೆಯಲ್ಲ, ಮೆಲ್ಲಗೇ ಮಾತಾಡ್ತೀನಿ.

ಸಂಜೆ ಬಂದಿದ್ದೆ. ನಿಮ್ಮೆಜಮಾನರು ತೀರ್ಕೊಂಡ್ರಲ್ಲ, ಅದರ ಹಿಂದಿನ ದಿನದ ಸಂಜೆ, ಆರು ಗಂಟೆ ಹೊತ್ತಿಗೆ. ಉದಾಗವಾ-ಸಾನ್ ಇಲ್ಲೇ, ಈ ಕಿಟಕಿ ಪಕ್ಕದ ಮೇಜಿನ ಮುಂದೆ ಕೂತಿದ್ರು. ನಮ್ಮ ಟಿವಿ ಕಾರ್ಟೂನಿನ ಕೊನೆಯ ಕಂತಿನ ಚಿತ್ರದ ಹಾಳೆ ಅಷ್ಟನ್ನೂ ಜೋಡಿಸಿ, ಲಕೋಟೆಗೆ ಹಾಕಿ, ತಮ್ಮ ಕೈಯಾರೆ ಕೊಟ್ಟರು. ಕೊಟ್ಟು... "ತಗೋ ನಿರಾಸವಾ, ಭೂಮಿ ಉಳೀತು. ನಾಳೆ ನೀಗಾತಕ್ಕೆ ಹೋಗಿ ಮಗಳ ಮುಖ ನೋಡ್ತೀನಿ" ಅಂದ್ರು. ನಗ್ತಾ ಅಂದ್ರು. ಅದೇ ಕೊನೆಯ ಮಾತು.

ಒಳ್ಳೇ ಮಾತಲ್ವಾ?

ಯಾಕೆ ಹಾಗೆ ನೋಡ್ತೀರಿ... ನಂಬಿ. ನೋಡಿ ಅತ್ತಿಗೆ, ಅಂತ್ಯಕ್ರಿಯೆ ದಿನ ನೀವು ಅಂದದ್ದು ಇನ್ನೂ ನನ್ನ ಕಿವೀಲಿದೆ. "ಬಾಣಂತನಕ್ಕೆ ಅಂತ ನಾನು ನೀಗಾತದ ತವರಿಗೆ ಹೋಗದೇ ಇದ್ದಿದ್ರೆ ಇವರು ಉಳೀತಿದ್ರು" ಅಂದ್ರಿ. ಒಂದು ವಾರದ ಕೂಸನ್ನ ಎತ್ಕೊಂಡು, ಎಲ್ಲರ ಮುಂದೆ. ನನಗೆ ಅವತ್ತಿಂದ ಅನ್ನ ಇಳೀತಿಲ್ಲ. ಚೊಚ್ಚಲ ಹೆರಿಗೆ, ಯಾರು ತಾನೇ ತವರಿಗೆ ಹೋಗಲ್ಲ? ಡಾಕ್ಟರೇ ಹೇಳಿದ್ರಲ್ಲ, ಹೃದಯ ನಿಂತದ್ದು ಅಂತ. ಬೆಳಿಗ್ಗೆ ಹತ್ತು ಗಂಟೆ ಆಸುಪಾಸಿನಲ್ಲಿ. ಮನೆ ಒಡತಿ ಮಧ್ಯಾಹ್ನ ಬಂದು ಬಾಗಿಲು ತಟ್ಟೋವರೆಗೂ ಒಬ್ಬರಿಗೂ ಗೊತ್ತಿಲ್ಲ. ನೀವು ಇದ್ದಿದ್ರೂ ಏನು ಮಾಡೋಕಾಗ್ತಿತ್ತು? ಮೇಜಿನ ಮೇಲೆ ತಲೆ ಇಟ್ಟು ಮಲಗಿದ್ದಾರೆ, ಸುಸ್ತಾಗಿದ್ದಾರೆ ಅಂತ ನೀವೂ ಅಡುಗೆ ಮನೆಗೆ ಹೋಗಿರ್ತಿದ್ರಿ. ಹಾಗೇ ಅಲ್ವಾ? ಅದಕ್ಕೇ ಹೇಳೋದು, ಆ ಭಾರ ಇಳಿಸಿಬಿಡಿ. ನಿಮ್ಮದಲ್ಲ ಅದು.

ಅವತ್ತು ಬೆಳಿಗ್ಗೆ ಎಂಟು ಗಂಟೆಗೆ ನೀವು ಅಲ್ಲಿಂದ ಫೋನ್ ಮಾಡಿದ್ರಂತೆ... ಮನೆ ಒಡತಿ ಹೇಳ್ತಿದ್ರು, ಮೇಲುಗಡೆ ಬಡ್ಕೊಂಡು ಬಡ್ಕೊಂಡು ನಿಂತುಹೋಯ್ತು ಅಂತ. ಬಿಡಿ. ಆ ವಿಷಯ ಬೇಡ.

ಇದನ್ನ ತಂದಿದೀನಿ. ತೆಗೀರಿ. ಅವರ ಹಾಳೆಗಳು. ಸಾಮಾನ್ಯವಾಗಿ ಇವೆಲ್ಲ ಕಸದ ಗಾಡಿಗೆ ಹೋಗ್ತವೆ, ಬಣ್ಣ ಬಳಿದು ಫಿಲ್ಮ್ ತೆಗೆದ ಮೇಲೆ ಯಾರಿಗೆ ಬೇಕು? ನಾನೇ ಕದ್ದು ಎತ್ತಿಟ್ಟೆ. ನೋಡಿ, ಇವನು ಗೋತೆತ್ಸು. ಐವತ್ತು ಮೀಟರು ಎತ್ತರದ ಉಕ್ಕಿನ ಮನುಷ್ಯ, ಅವನ ಎದೆಯೊಳಗೆ ಕೂತು ಓಡಿಸೋ ಹುಡುಗ. ನೀವು ನೋಡ್ತಿದ್ರಲ್ಲ, ಬುಧವಾರ ಸಂಜೆ ಟಿವೀಲಿ? ನೋಡ್ತಿರಲಿಲ್ವಾ... ಅವರೇ ಬೇಡ ಅಂತಿದ್ರಾ? ಹೌದು, ಹಾಗೇ ಅವರು. ತಾವು ಬರೆದದ್ದು ಮನೆಯವರು ನೋಡಿದ್ರೆ ನಾಚಿಕೆ.

ಇದು ಯಾರು ಗೊತ್ತಾ? ಈ ಉದ್ದ ಮೂಗು, ಇಳಿಬಿದ್ದ ಕಣ್ಣುರೆಪ್ಪೆ? ಭೂಮಿ ಮೇಲೆ ದಂಡೆತ್ತಿ ಬಂದ ಅನ್ಯಗ್ರಹದವರ ಸೇನಾಪತಿ. ಸರಿಯಾಗಿ ನೋಡಿ... ಈಗ ನನ್ನ ನೋಡಿ.

ನಕ್ಕಿರಿ. ನಕ್ಕಿರಿ, ನಾನು ನೋಡಿದೆ. ಸ್ಟುಡಿಯೋದಲ್ಲೂ ಹೊಟ್ಟೆ ಹಿಡ್ಕೊಂಡು ನಕ್ಕರು. ನಿಮ್ಮೆಜಮಾನರು ನನ್ನ ಮುಖಾನೇ ಇಳಿಸಿಬಿಟ್ಟಿದ್ರು. ಸೇನಾಪತಿ ಪ್ರತಿ ಕಂತಲ್ಲೂ ಮೋಡದ ಹಿಂದಿಂದ ತಲೆ ಹಾಕಿ, "ಹೊತ್ತಾಯ್ತು, ಆಯ್ತಾ?" ಅಂತಾನೆ. ಅದೂ ನನ್ನದೇ ಮಾತು. ನನ್ನ ಕೆಲಸ ಅದೇ ಅಲ್ವಾ ಅತ್ತಿಗೆ, ಗಾಡಿ ತಗೊಂಡು ಚಿತ್ರಗಾರರ ಮನೆಮನೆಗೆ ಹೋಗೋದು, ಆಯ್ತಾ ಆಯ್ತಾ ಅಂತ ಪ್ರಾಣ ತಿನ್ನೋದು, ಆದಷ್ಟನ್ನ ಕಿತ್ತುಕೊಂಡು ಬಣ್ಣದವರಿಗೆ ತಲುಪಿಸೋದು. ಮುಖ ಕೊಟ್ಟದ್ದಕ್ಕೆ ನಾನು ಜಗಳಕ್ಕೆ ಹೋದೆ. ಆಗ ಅವರು ಏನಂದ್ರು ಗೊತ್ತಾ? "ಅವನು ಕೆಟ್ಟವನಲ್ಲ ಕಣಯ್ಯ ನಿರಾಸವಾ. ಅವನ ಮೇಲೂ ಒಬ್ಬ ಇದ್ದಾನೆ, ಅವನಿಗೂ ಗಡುವು ಇದೆ. ಊರು ಸುಡೋರೆಲ್ಲ ಹೀಗೇ, ಮೇಲಿನವರಿಗೆ ಹೆದರಿಕೊಂಡು ಸುಡ್ತಾರೆ" ಅಂದ್ರು. ತಮಾಷೆಗೆ ಅಂದ್ರು. ತಮಾಷೆಗೇ...

ಈಗ ನೀವು ನಗ್ತಿಲ್ಲ.

ಕೊನೆಯ ಕಂತು ಹೇಗಾಯ್ತು ಅಂತ ಹೇಳಿದ್ರಾ ನಿಮಗೆ? ಐವತ್ತೆರಡು ಕಂತು ಅಂತ ಶುರು ಮಾಡಿದ್ದು. ಆಟಿಕೆ ಕಂಪನಿಯವರಿಗೆ ಉಕ್ಕಿನ ಬೊಂಬೆ ಮಾರಾಟ ಆಗಲಿಲ್ಲ. ಮೂವತ್ತೊಂದಕ್ಕೇ ಮುಗಿಸಿ ಅಂದ್ರು. ಇಪ್ಪತ್ತೊಂದು ಕಂತಿನ ಯುದ್ಧ ಒಂದೇ ಕಂತಿಗೆ ತುರುಕಬೇಕು. ಉಳಿದವರೆಲ್ಲ ಹೇಗೋ ಒಂದು ಮುಗಿದ್ರೆ ಸಾಕು ಅನ್ನೋರೇ. ಇವರೊಬ್ಬರು, "ಕೊನೇ ಕಾಳಗ ನಾನೇ ಬರೀತೀನಿ, ಪೂರ್ತಿ ನಾನೇ. ಆ ಹುಡುಗರು ಏಳು ತಿಂಗಳಿಂದ ನೋಡಿದ್ದಾರಪ್ಪ, ಅವರಿಗೆ ಮೋಸ ಆಗಬಾರದು" ಅಂತ ಹಟ ಹಿಡಿದ್ರು. ಹುಚ್ಚು. ಒಳ್ಳೇ ಹುಚ್ಚು. ಆರು ದಿನ ಮಲಗಲಿಲ್ಲ ಅಂದ್ರೆ... ಇಲ್ಲ, ಮಲಗ್ತಿದ್ರು, ಮಲಗ್ತಿದ್ರು. ಆಗಾಗ.

ಮಗಳು ಹುಟ್ಟಿದ ಸುದ್ದಿ ಶನಿವಾರ ಬಂತಲ್ಲ. ಭಾನುವಾರವೇ ಹೊರಟಿದ್ರು. ನಾನೇ ತಡೆದೆ... ಮಂಗಳವಾರ ಮತ್ತೆ ಹೊರಟ್ರು, ಚೀಲ ಕಟ್ಟಿಕೊಂಡು. ಆಗ್ಲೂ... ಏನು ಮಾಡ್ಲಿ ಅತ್ತಿಗೆ? ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಬಣ್ಣದವರ ಕೈಗೆ ಹಾಳೆ ಸೇರದಿದ್ರೆ ಮುಂದಿನ ಬುಧವಾರ ಸಂಜೆ ಟಿವಿ ಪರದೆ ಖಾಲಿ. ನಮ್ಮ ಕಸುಬಲ್ಲಿ ಅದಕ್ಕಿಂತ ದೊಡ್ಡ ಮಾನಗೇಡಿಲ್ಲ. ನಾನು ನೆಲಕ್ಕೆ ಹಣೆ ಹಚ್ಚಿ ಬೇಡಿಕೊಂಡೆ. ಈ ಚಾಪೆ ಮೇಲೇ. "ಏಳಯ್ಯ, ಏಳು" ಅಂದ್ರು. ಚೀಲ ಬಿಚ್ಚಿದ್ರು. ಪೆನ್ಸಿಲ್ ಚೂಪು ಮಾಡೋಕೆ ಕೂತ್ರು.

ಆದ್ರೆ ಕೊಟ್ರಲ್ಲ, ಕೊಟ್ರು. ಬುಧವಾರ ಸಂಜೆಗೇ ಕೊಟ್ಟುಬಿಟ್ರು, ಗಡುವಿಗೂ ಮುಂಚೆ. ಅಂಥ ಮನುಷ್ಯ.

ಯಾವ ಹಾಳೆ ಅದು? ತೋರಿಸಿ... ಓ, ಅದು ಕಟ್ಟಕಡೆಯದು. ಗೋತೆತ್ಸು ಸಮುದ್ರದಲ್ಲಿ ಮಂಡಿಯೂರಿ ಬೀಳ್ತಾನೆ, ಅನ್ಯಗ್ರಹದ ಹಡಗು ವಾಪಸ್ಸು ತಿರುಗುತ್ತೆ. ಹೌದು, ಅಲ್ಲಿ ಗೆರೆ ಜಾರಿದೆ. ಭುಜದಿಂದ ಹಿಡಿದು ಹಾಳೆ ಅಂಚಿನವರೆಗೆ ಹೋಗಿಬಿಟ್ಟಿದೆ... ಬೆವರು ಅತ್ತಿಗೆ. ಆಗಸ್ಟ್ ಸೆಕೆ, ಬೆವರಿಗೆ ಪೆನ್ಸಿಲ್ ಜಾರುತ್ತೆ. ಬೇರೆ ಏನೂ ಇಲ್ಲ. ಅದನ್ನ ಆಮೇಲೆ ಬೇರೆಯವರು ಸರಿಮಾಡಿದ್ರು, ಟಿವೀಲಿ ಗೊತ್ತಾಗಲ್ಲ. ಕೆಳಗಿಡಿ ಅದನ್ನ. ಅಷ್ಟು ಹೊತ್ತು ನೋಡಬೇಡಿ.

ನಿಮಗೆ ಖುಷಿ ಆಗೋದು ಒಂದು ಹೇಳ್ತೀನಿ. ಅವತ್ತು ನಾನು ಹಾಳೆ ತಗೊಂಡು ಮೆಟ್ಟಿಲು ಇಳಿದು ಬಂದೆ ನೋಡಿ, ಕೆಳಗೆ ಅಂಗಳದ ತುಂಬ ಮಕ್ಕಳು. ಇದೇ ಓಣಿ ಮಕ್ಕಳು. ರೇಡಿಯೋ ಹಾಕ್ಕೊಂಡು, ಅದು ಹೇಳಿದ ಹಾಗೆ ಕೈಕಾಲು ಬೀಸ್ತಾ ಇದ್ರು. ಕೊರಳಲ್ಲಿ ದಾರ, ದಾರಕ್ಕೆ ಹಾಜರಿ ಕಾರ್ಡು. ಮುಗಿದದ್ದೇ ಮುದ್ರೆ ಒತ್ತಿಸಿಕೊಂಡು ಶುರುಮಾಡಿದ್ರು, "ನಾನು ಗೋತೆತ್ಸು, ನಾನು ಗೋತೆತ್ಸು" ಅಂತ. ಸೇನಾಪತಿ ಆಗೋಕೆ ಒಬ್ಬನೂ ತಯಾರಿಲ್ಲ. ನನಗೆ ನಗು ಬಂತು. ಮೇಲೆ ಈ ಕಿಟಕಿ ಕಡೆ ನೋಡಿದೆ. ನೋಡಿ ಉದಾಗವಾ-ಸಾನ್, ನಿಮ್ಮ ಹುಡುಗರು, ಅಂತ ಕೂಗೋಣ ಅನ್ನಿಸ್ತು...

ಏನು?

ಯಾಕೆ ತಲೆ ಎತ್ತಿದ್ರಿ?

ಹಾಜರಿ ಕಾರ್ಡು... ಹೌದು, ರೇಡಿಯೋ ವ್ಯಾಯಾಮದ ಕಾರ್ಡು. ಅದು... ಬೇಸಿಗೆ ರಜೇಲಿ ಎಲ್ಲಾ ಓಣೀಲೂ ಮಾಡ್ತಾರಲ್ಲ. ಆರೂವರೆಗೆ. ಬೆಳಿಗ್ಗೆ ಆರೂವರೆಗೆ...

ಅದು ಬೇರೆ ದಿನ ಇರಬೇಕು. ಎಷ್ಟು ಸಲ ಬಂದಿದೀನಿ ನಾನು ಈ ಮನೆಗೆ, ಒಂದಕ್ಕೊಂದು ಬೆರೆತುಹೋಗಿದೆ. ಮಂಗಳವಾರದ್ದಿರಬೇಕು. ಹೌದು, ಮಂಗಳವಾರ. ನೋಡಿ, ನಾನೂ ನಿದ್ದೆಗೆಟ್ಟಿದ್ದೆ...

ಆ ಹಾಳೆ ಮತ್ತೆ ಯಾಕೆ ಎತ್ಕೊಂಡ್ರಿ ಅತ್ತಿಗೆ? ಕೆಳಗಿಡಿ...

ಗುರುವಾರ.

ಗುರುವಾರ ಬೆಳಿಗ್ಗೆ. ಸಂಜೆ ನಾನು ಬಂದಿದ್ದು ನಿಜ, ಆಣೆಗೂ ನಿಜ, ಆದ್ರೆ ಸಂಜೆ ಕೆಲಸ ಮುಗಿದಿರಲಿಲ್ಲ. ಇನ್ನೂ ಹನ್ನೊಂದು ಹಾಳೆ ಬಾಕಿ. ಬೆಳಿಗ್ಗೆ ಬಾ ಅಂದ್ರು. ಬಂದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಮೇಜಿನ ಮೇಲೆ ಒರಗಿದ್ರು. ಮಲಗಿದ್ದಾರೆ ಅಂದ್ಕೊಂಡೆ. ಯಾರೇ ಆದ್ರೂ ಹಾಗೇ ಅಂದ್ಕೋತಾರೆ. ನಮ್ಮಲ್ಲಿ ಹಾಸಿಗೆ ಮೇಲೆ ಮಲಗೋರು ಯಾರಿದ್ದಾರೆ? ಎಲ್ಲರೂ ಹಾಳೆ ಮೇಲೇ ತಲೆ ಇಟ್ಟು ಮಲಗೋದು. ಅವರನ್ನ ಎಬ್ಬಿಸದೆ ತೋಳಿನ ಕೆಳಗಿಂದ ಹಾಳೆ ಎಳೆಯೋದೇ ಒಂದು ವಿದ್ಯೆ. ಮಲಗಿದ ಕೂಸಿನ ಕೆಳಗಿಂದ ಒದ್ದೆ ಬಟ್ಟೆ ತೆಗೀತೀರಲ್ಲ, ಹಾಗೆ. ಹೊಸಬರಿಗೆ ನಾನೇ ಕಲಿಸ್ತೀನಿ. ಟೋಕಿಯೋದಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಬರಲ್ಲ ಅಂತ ಹೇಳ್ಕೊಂಡು ತಿರುಗಿದೀನಿ.

ತೆಗೆದುಕೊಂಡೆ, ಹೊರಟೆ. ಅಷ್ಟೇ. ನಿದ್ದೆ ಮಾಡ್ಲಿ, ಪಾಪ, ಅಂತ ಎಬ್ಬಿಸಲಿಲ್ಲ.

ಅಷ್ಟೇ ಅತ್ತಿಗೆ.

...

ಆರೂವರೆ. ಡಾಕ್ಟರು ಹತ್ತು ಗಂಟೆ ಅಂದ್ರು. ನೀವು ಲೆಕ್ಕ ಹಾಕ್ತಿದೀರಿ. ನಾನು ನಲವತ್ತೊಂಬತ್ತು ದಿನದಿಂದ ಹಾಕ್ತಿದೀನಿ. ಮೂರೂವರೆ ಗಂಟೆ. ಆಸ್ಪತ್ರೆ ಈ ಓಣಿ ದಾಟಿ, ರೈಲ್ವೆ ಗೇಟಿನಾಚೆ. ಗಾಡೀಲಿ ಎಂಟು ನಿಮಿಷ. ಒಂದು ದಿನ ನಾನೇ ಓಡಿಸಿ ನೋಡಿದೆ... ಎಂಟು ನಿಮಿಷವೂ ಆಗಲ್ಲ.

ನಿಮ್ಮ ಫೋನು ಬಡ್ಕೊಂಡಾಗ ಅವರು ಕೇಳಿಸಿಕೊಳ್ತಿದ್ರೋ ಏನೋ.

ಸಂಜೆ ಕೊಟ್ರು ಅಂತ ಸುಳ್ಳು ಹೇಳು ಅಂತ ನನಗೆ ಯಾರೂ ಹೇಳಿಕೊಡಲಿಲ್ಲ. ಬಾಸ್ ಅಲ್ಲ, ಯಾರೂ ಅಲ್ಲ. ಮಧ್ಯಾಹ್ನ ಸುದ್ದಿ ಬಂದಾಗ ನನ್ನ ಬಾಯಿಂದ ತಾನಾಗೇ ಬಂತು, "ನಿನ್ನೆ ಸಂಜೆ ಚೆನ್ನಾಗೇ ಇದ್ರಲ್ಲ" ಅಂತ. ಒಂದು ಸಲ ಬಂದ ಮೇಲೆ ಮುಗೀತು, ಅದೇ ನಿಂತುಬಿಡ್ತು. ಅಂತ್ಯಕ್ರಿಯೆ ದಿನ ನೀವು "ನಾನು ಹೋಗದೇ ಇದ್ದಿದ್ರೆ" ಅಂತ ಅತ್ತಾಗಲೂ ನಾನು ಎದುರಿಗೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ನನ್ನ ಪಾಲಿನದನ್ನೂ ನೀವೇ ಹೊತ್ಕೊಂಡು ನೀಗಾತಕ್ಕೆ ಹೋದ್ರಿ.

ಬೈಯಿರಿ. ಎದ್ದು ಹೋಗು ಅನ್ನಿ. ಹೀಗೆ ಕೂತು ನೋಡಬೇಡಿ...

ಕೈ ಬೆಚ್ಚಗಿತ್ತು.

ಹಾಳೆ ಮೇಲಿದ್ದ ಕೈ. ಎತ್ತಿದೆ, ಬೆಚ್ಚಗಿತ್ತು, ಅದಕ್ಕೇ ನಿದ್ದೆ ಅಂದ್ಕೊಂಡೆ. ಎತ್ತಿದ ಕೂಡಲೇ ಆ ಕೈ ನನ್ನ ಮಣಿಕಟ್ಟು ಹಿಡ್ಕೊಳ್ತು. ನಿದ್ದೆಗಣ್ಣಲ್ಲಿ ಇರೋರು ಹಿಡೀತಾರಲ್ಲ... ಈ ಕೂಸು ಹಿಡಿಯಲ್ವಾ ನಿಮ್ಮ ಬೆರಳನ್ನ, ಹಾಗೆ. ಇಲ್ಲ. ಹಾಗಲ್ಲ. ಗಟ್ಟಿಯಾಗಿ ಹಿಡ್ಕೊಂಡ್ರು. ಕೆಳಗೆ ನನ್ನ ಗಾಡಿ ಇಂಜಿನ್ ಆರಿಸಿರಲಿಲ್ಲ, ಗಂಟೆ ನೋಡಿದ್ರೆ ಆರೂವರೆ. "ಮಲಗಿ ಉದಾಗವಾ-ಸಾನ್, ಮಲಗಿ, ನಿಮ್ಮ ಟ್ರೈನಿಗೆ ಇನ್ನೂ ಹೊತ್ತಿದೆ" ಅಂದೆ. ಅಂದು ಒಂದೊಂದೇ ಬೆರಳು ಬಿಡಿಸಿದೆ. ಬಾಗಿಲ ಹತ್ತಿರ ನಿಂತು ಹಾಳೆ ಎಣಿಸಿದೆ. ಹನ್ನೊಂದೂ ಇತ್ತು.

ಭೂಮಿ ಉಳೀತು ಅಂತ ಅವರು ಅನ್ನಲಿಲ್ಲ. ಅದು ನಾನು ಕಟ್ಟಿದ್ದು. ಏನೂ ಅನ್ನಲಿಲ್ಲ ಅವರು. ತುಟಿ ಆಡಿಸಿದ್ರು, ಶಬ್ದ ಬರಲಿಲ್ಲ.

ಅವರು ಮಲಗಿರಲಿಲ್ಲ ಅತ್ತಿಗೆ. ಕಣ್ಣು ತೆರೆದಿತ್ತು. ನಾನು ಬೆರಳು ಬಿಡಿಸೋದನ್ನೇ ನೋಡ್ತಾ ಇದ್ರು.