ಹೆಸರು ಬರೆಯದ ಇಪ್ಪತ್ತನಾಲ್ಕನೇ ಫಾರ್ಮು

ಅಲ್ಲ ಲೊರ್ನಾ ಬಾಯಿ, ಹೆಸರು ಬರೆಯದ ಫಾರ್ಮು ಯಾರದ್ದು ಅಂತ ನನ್ನ ಹತ್ತಿರ ಕೇಳಿದ್ರೆ ನಾನು ಎಂತ ಹೇಳುದು? ಹೆಸರು ಉಂಟಾ ಅದರಲ್ಲಿ? ಇಲ್ಲ. ಮತ್ತೆ? ...ಕೂತ್ಕೊಳ್ಳಿ ಮೊದಲು. ನೀವು ಹಾಗೆ ಬಾಗಿಲ ಹತ್ತಿರ ನಿಂತ್ರೆ ನನಗೆ ಕೂತಲ್ಲಿ ಕೂರ್ಲಿಕ್ಕೆ ಆಗುದಿಲ್ಲ. ವತ್ಸಲಾ, ಬೆನ್ನಿಯ ಹೆಂಡತಿ ಬಂದಿದ್ದಾರೆ, ಒಂದು ಚಾ ಇಡು... ಬೇಡ್ವಾ? ಚಾ ಬೇಡ ಹೇಳಿದ್ರೆ ಹೇಗೆ ಮಾರಾಯ್ರೆ. ದೋಹಾದ ಆ ಕೊನೆಯ ಮುಐದರಿನಿಂದ ಇಷ್ಟು ದೂರ ಟ್ಯಾಕ್ಸಿ ಮಾಡ್ಕೊಂಡು ಬಂದು, ಮೂರು ಮಾಳಿಗೆ ಹತ್ತಿ, ತನಿಯಣ್ಣನ ಮನೆಯಲ್ಲಿ ನೀರೂ ಕುಡೀಲಿಲ್ಲ ಅಂತ ಆಗ್ಬಾರ್ದು. ವತ್ಸಲಾ, ಇಡು ನೀನು, ಅವರು ಕುಡೀತಾರೆ.

ಆ ರಿಜಿಸ್ಟರು ಸುಲೈಮಾನ್ ಕೊಟ್ಟನಾ? ಸಂಘದ ರಿಜಿಸ್ಟರು ಹೊರಗೆ ಕೊಡ್ಲಿಕ್ಕೆ ಇಲ್ಲ ಅಂತ ಅವನಿಗೆ ಎಷ್ಟು ಸಲ ಹೇಳಿದ್ದೇನೆ. ಅವನ ಟೈಪಿಂಗ್ ಅಂಗಡಿಯಲ್ಲಿ ಇಡುದೇ ಅಲ್ಲಿ ಬೀಗದ ಕಪಾಟು ಉಂಟು ಅಂತ... ಇಲ್ಲ ಇಲ್ಲ, ನೀವು ಹೊರಗಿನವರು ಅಂತ ಅಲ್ಲ. ಬೆನ್ನಿಯ ಹೆಂಡತಿ ನಮಗೆ ಹೊರಗಿನವರು ಹೇಗಾಗ್ತಾರೆ? ರೂಲ್ಸ್ ಹೇಳಿದ್ದು ನಾನು. ಸೆಕ್ರೆಟರಿ ಅಲ್ವಾ... ಯಾಕೆ ನಗ್ತೀರಿ? ನಗ್ಲಿಲ್ವಾ? ನಕ್ಕ ಹಾಗೆ ಕಂಡಿತು.

ನಗುವವರು ನಗ್ಲಿ. ಶುರು ಹೇಗಾಯ್ತು ಅಂತ ನಿಮಗೂ ಗೊತ್ತುಂಟಲ್ಲ. ಎರಡು ವರ್ಷದ ಹಿಂದೆ ಮಂಗಳ ಗ್ರಹ ಭೂಮಿಯ ಹತ್ತಿರ ಬಂತು ನೋಡಿ, ದೋಹಾದವರೆಲ್ಲ ಟೆರೇಸು ಹತ್ತಿದ್ರು. ನಾನು, ಬೆನ್ನಿ, ಸುಲೈಮಾನ್, ಮೂರು ಜನ, ಒಂದು ದುರ್ಬೀನು. ಬೆನ್ನಿ ಬಿಡ್ತಾನೇ ಇರ್ಲಿಲ್ಲ ಅದನ್ನು. ಆಮೇಲೆ ಇಂಟರ್ನೆಟ್ ಕೆಫೆಯಲ್ಲಿ ಕೂತು ಹಾರುವ ತಟ್ಟೆ ಅಂತ ಹುಡುಕಿದ್ದೇ ಹುಡುಕಿದ್ದು. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ, ಐವತ್ತು ವರ್ಷದ ಹಿಂದೆಯೇ ನಮ್ಮಂಥ ಗುಮಾಸ್ತರು, ಮಾಸ್ಟ್ರುಗಳು ಮನೆಯ ಚಾವಡಿಯಲ್ಲಿ ಕೂತು ಸಂಘ ಕಟ್ಟಿದ್ದಾರೆ ಬಾಯಿ. ಫಾರ್ಮು ಅಚ್ಚು ಹಾಕಿಸಿ, ಕಂಡವರ ಮನೆಗೆ ಬಸ್ಸಿನಲ್ಲಿ ಹೋಗಿ ಬರ್ಕೊಂಡು ಬಂದಿದ್ದಾರೆ. ಅವರಿಗೂ ಪಿರ್ಕಿ, ಹುಚ್ಚು ಅಂತಲೇ ಹೇಳಿದ್ದು ಜನ. ಹಾಗಾದ್ರೆ ನಾವೂ ಒಂದು ಮಾಡುವ ಅಂತ ಹೇಳಿದವ ನಾನು. ಫಾರ್ಮು ಮಾಡಿದವ ನಾನು. ತಾರೀಕು, ಗಂಟೆ, ದಿಕ್ಕು, ಬಣ್ಣ, ಶಬ್ದ ಉಂಟಾ ಇಲ್ವಾ, ಕೈ ಚಾಚಿದ್ರೆ ಎಷ್ಟು ಬೆರಳು ಅಗಲ... ಸುಲೈಮಾನ್ ಚಂದ ಮಾಡಿ ಟೈಪ್ ಮಾಡಿ ಕೊಟ್ಟ. ಅವನ ಅಂಗಡಿಯ ಕೌಂಟರಿನಲ್ಲಿ ಒಂದು ಡಬ್ಬ ಇಟ್ಟೆವು, ಕಂಡವರು ಬರೆದು ಹಾಕ್ಲಿ ಅಂತ.

ರೂಲು ಮಾಡಿದವನೂ ನಾನೇ. ಇಬ್ಬರು ಬೇಕು. ಎರಡು ಬೇರೆ ಜಾಗದಿಂದ, ಒಂದೇ ಹೊತ್ತಿಗೆ. ಆಗ ಮಾತ್ರ ಖಾತ್ರಿ. ಒಬ್ಬನೇ ಕಂಡದ್ದಕ್ಕೆ 'ಡೌಟ್‌ಫುಲ್' ಅಂತ ಸೀಲು, ಕೆಂಪು ಶಾಯಿಯಲ್ಲಿ. ಆ ಸೀಲು ಬೆನ್ನಿಯ ಫಾರ್ಮಿನ ಮೇಲೆ ಒತ್ತುವಾಗ ನನಗೆ ಖುಷಿ ಆಯ್ತು ಅಂತ ಮಾಡಿದ್ರಾ? ಅವನೇ ಹೇಳಿದ, ಒತ್ತಿ ತನಿಯಣ್ಣ, ರೂಲು ರೂಲೇ, ಅಂತ.

ಗೊತ್ತುಂಟು, ಗೊತ್ತುಂಟು, ಅವನ ಫಾರ್ಮು ನನಗೆ ಬಾಯಿಪಾಠ. ಇಪ್ಪತ್ತಮೂರನೇ ನಂಬ್ರ. ನವೆಂಬರಿನ ಮಂಗಳವಾರ, ಸಂಜೆ ಆರು ನಲವತ್ತು. ಒಣಗಿದ ಬಟ್ಟೆ ತೆಗೀಲಿಕ್ಕೆ ಮೇಲೆ ಹೋಗಿದ್ದ. ಮೂರು ಬೆಳಕು ಒಟ್ಟಿಗೆ ಬಂದು, ನಿಂತು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಯ್ತು. ವಿಮಾನ ಹಿಂದಕ್ಕೆ ಹೋಗ್ತದಾ? ಇಲ್ಲ. ಶಬ್ದ ಇಲ್ಲ. ಪಾಪ, ಹೆಸರು, ಫೋನ್ ನಂಬ್ರ, ಕಂಪೆನಿ, ಎಲ್ಲ ಬರೆದಿದ್ದಾನೆ, ಧೈರ್ಯದಲ್ಲಿ.

ಪೇಪರಿಗೆ ಕೊಟ್ಟದ್ದು ನಾನಲ್ಲ. ಅದು ಸುಲೈಮಾನ್‌ನ ಗಿರಾಕಿ ಒಬ್ಬ ಪೇಪರಿನವ, ಡಬ್ಬದ ವಿಷಯ ಕೇಳಿ ಬೆನ್ನಿಗೆ ಫೋನ್ ಮಾಡಿದ್ದು. ಇವನೂ ಹೇಳಿದ, ಚಿಕ್ಕ ಮಕ್ಕಳ ಹಾಗೆ. ಹೆಸರು ಸಮೇತ ಪೇಪರಿನಲ್ಲಿ ಬಂದ ಮೇಲೆ ಕಂಪೆನಿಯಲ್ಲಿ ಬಿಡ್ತಾರಾ? ನಮ್ಮ ಊರಿನವರೇ ಶುರು ಮಾಡಿದ್ದು, ಅವ ಮಂಗಳೂರಿನವ ಅಲ್ಲ ಮಾರಾಯ, ಮಂಗಳದವ, ಅಂತ. ನಾನು ಒಮ್ಮೆಯೂ ಹಾಗೆ ಹೇಳಿಲ್ಲ ಬಾಯಿ. ಹೇಳಿದವರ ಒಟ್ಟಿಗೆ ನಕ್ಕಿರಬಹುದು. ಅಷ್ಟೇ.

ಎಂತ ಹೇಳಿದ್ರಿ? ...ಭಾನುವಾರ? ಈ ಭಾನುವಾರ ಕೊಡ್ತಾನಾ ರಾಜೀನಾಮೆ? ಹನ್ನೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವ ಅವ, ಈ ದೋಹಾದಲ್ಲಿ ಅವನ ಕೈ ಬೀಳದ ಲಿಫ್ಟ್ ಎಷ್ಟುಂಟು? ಲಿಫ್ಟ್ ಬಿಡಿಸಿ ಸ್ಟೋರ್ ರೂಮಿನ ಕೆಲಸಕ್ಕೆ ಹಾಕಿದ್ರು ಅಂತ ಗೊತ್ತಿತ್ತು ನನಗೆ, ಸ್ವಲ್ಪ ದಿನ, ಜನ ಮರೆತ ಮೇಲೆ ಪುನಃ ಕರೀತಾರೆ ಅಂತ... ಅವರು ಕರೆದ್ರು, ಇವನೇ ಹೋಗ್ಲಿಲ್ವಾ? ಯಾಕೆ?

...ಏನಂದ?

ವಯರಿನ ಬಣ್ಣ.

'ನನ್ನ ಕಣ್ಣು ಆಕಾಶದಲ್ಲಿ ಇಲ್ಲದ್ದನ್ನು ತೋರಿಸಿದ ಮೇಲೆ, ವಯರು ಕೆಂಪಾ ಕಪ್ಪಾ ಅಂತ ಅದು ಹೇಳಿದ್ರೆ ಹೇಗೆ ನಂಬುದು' ಅಂದನಾ? ಬೆನ್ನಿ ಹಾಗಂದನಾ? ಮಂಡೆ ಸಮ ಇಲ್ಲ ಅಂತ ಜನ ಹೇಳುದು ಬೇರೆ. ಅವನೇ ನಂಬುದಾ ಅದನ್ನು? ಛೆ. ಬುದ್ಧಿ ಹೇಳ್ಬೇಕಿತ್ತು ನೀವು... ಹೇಳಿದ್ದೀರಿ. ಗೊತ್ತುಂಟು. ಹೆಂಡತಿ ಹೇಳಿದ್ರೆ ಪ್ರೀತಿಗೆ ಹೇಳುದು ಅಂತ ಆಗ್ತದೆ. ಕಂಡವರು ಹೇಳ್ಬೇಕು. ಹೌದು. ಕಂಡವರು ಒಬ್ಬರು ಬೇಕು.

ಅದಕ್ಕೇ ಈ ಇಪ್ಪತ್ತನಾಲ್ಕನೇ ಫಾರ್ಮು ಹಿಡ್ಕೊಂಡು ಬಂದದ್ದು ನೀವು. ನೋಡಿ, ಇದನ್ನು ಕಮಿಟಿಯಲ್ಲಿ ಇಟ್ಟು ಮಾತಾಡಿ ಆಗಿದೆ. ತಾರೀಕು ಅದೇ, ಒಪ್ಪಿದೆ. ಮೂರು ಬೆಳಕು, ಒಪ್ಪಿದೆ. ಜಾಗ ಬಿನ್ ಮಹಮೂದ್, ಈ ನಮ್ಮ ಏರಿಯಾ. ಆದ್ರೆ ಗಂಟೆ ನೋಡಿ, ಒಂಬತ್ತು ಹತ್ತು. ಬೆನ್ನಿ ಕಂಡದ್ದು ಆರು ನಲವತ್ತಕ್ಕೆ. ಎರಡೂವರೆ ಗಂಟೆ ವ್ಯತ್ಯಾಸ. ಒಂದೇ ಹೊತ್ತು ಅಂತ ಹೇಗೆ ಬರೀಲಿ ನಾನು? ರೂಲು ನನಗೂ ಒಂದೇ, ನನ್ನ...

ಇದು ಯಾರು ಗೀಚಿದ್ದು, ಪೆನ್ಸಿಲಿನಲ್ಲಿ? ಒಂಬತ್ತು ಹತ್ತರಲ್ಲಿ ಎರಡೂವರೆ ಕಳೆದು... ನೀವಾ?

ಹಾಂ. ನೀವು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುವವರು. ಊರಿಗೆ ಫೋನ್ ಮಾಡುವ ಮೊದಲು ದಿನಾ ಇಲ್ಲಿನ ಗಂಟೆಗೆ ಎರಡೂವರೆ ಕೂಡಿಸುವವರು. ಇಡೀ ಕಮಿಟಿಯಲ್ಲಿ ಒಬ್ಬನಿಗೂ ಹೊಳೀಲಿಲ್ಲ ಅದು. ಎಲ್ಲರೂ ಊರಿನವರೇ, ದಿನಾ ಲೆಕ್ಕ ಹಾಕುವವರೇ, ಹೊಳೀಲಿಲ್ಲ. ಇರಬಹುದು, ಯಾರೋ ಒಬ್ಬ ಊರಿನ ಟೈಮ್ ಬರೆದಿರಬಹುದು. ಬಿನ್ ಮಹಮೂದಿನಲ್ಲಿ ನಮ್ಮವರು ಸಾವಿರ ಜನ ಇದ್ದಾರೆ. ಅರ್ಧಕ್ಕರ್ಧ ಜನರ ವಾಚು ಊರಿನ ಟೈಮಿನಲ್ಲೇ...

ನನ್ನ ಕೈ ಯಾಕೆ ನೋಡ್ತೀರಿ?

ಇದು... ವಾಚಿನಲ್ಲಿ ಈ ಟೈಮು ವತ್ಸಲಾ ಊರಿನಲ್ಲಿ ಇರುವಾಗ ಇಟ್ಟದ್ದು. ಮಕ್ಕಳು ಈಗ ಶಾಲೆಗೆ ಹೋದ್ರು, ಈಗ ಬಂದ್ರು, ಈಗ ಊಟ ಮಾಡ್ತಾ ಇದ್ದಾರೆ ಅಂತ ನೋಡ್ಲಿಕ್ಕೆ. ಒಂಬತ್ತು ವರ್ಷ ಹಾಗೇ ನೋಡಿದೆ. ಈಗ ಅವರು ಇಲ್ಲೇ ಇದ್ದಾರೆ, ಬದಲಿಸ್ಬೇಕಿತ್ತು, ಆಗ್ಲಿಲ್ಲ. ಅಷ್ಟೇ ಅದು. ಅದಕ್ಕೆ ಬೇರೆ ಅರ್ಥ ಇಲ್ಲ... ಹಾಗೆ ನೋಡ್ಬೇಡಿ ಬಾಯಿ.

ನಾನೇ ಬರೆದದ್ದು.

ಮೆತ್ತಗೆ. ವತ್ಸಲಾಳಿಗೆ ಗೊತ್ತಿಲ್ಲ. ಹೌದು, ಈ ಬಿಲ್ಡಿಂಗಿನ ಟೆರೇಸಿನಲ್ಲಿ ನಿಂತು, ಕಣ್ಣಾರೆ. ಬೆನ್ನಿ ಕಂಡ ಹಾಗೇ, ಮೂರು ಬೆಳಕು, ಹಿಂದಕ್ಕೆ ಹೋದದ್ದು. ಎರಡು ವರ್ಷ ಫಾರ್ಮು ಅಚ್ಚು ಹಾಕಿ ಹಾಕಿ, ಒಮ್ಮೆ ನನಗೇ ಕಂಡಿತಲ್ಲ ಅಂತ ಅಳು ಬಂತು ಮಾರಾಯ್ರೆ. ಅಲ್ಲೇ ಕೂತು ಬರೆದೆ, ವಾಚು ನೋಡಿ ಬರೆದೆ. ಹೆಸರಿನ ಜಾಗಕ್ಕೆ ಬಂದಾಗ ಕೈ ನಿಂತಿತು. ಯಾಕಂದ್ರೆ ನನ್ನ ಫ್ಯಾಮಿಲಿ ವೀಸಾದ ಕಾಗದ ಮ್ಯಾನೇಜರನ ಮೇಜಿನ ಮೇಲೆ ಇತ್ತು, ಅವನ ಸಹಿಗೆ. ಅವ ಎರಡು ವಾರ ಮೊದಲೇ ಹೇಳಿದ್ದ, ಈ ಆಕಾಶ ನೋಡುವ ಹುಚ್ಚು, ಮರ್ಲು ಎಲ್ಲ ಬಿಟ್ಟು ಬಿಡು, ನಿನ್ನ ಹೆಸರು ಎಲ್ಲಿಯೂ ಬರಬಾರದು, ಅಂತ. ಒಂಬತ್ತು ವರ್ಷ, ಬಾಯಿ. ಸಣ್ಣವ ನನ್ನನ್ನು ಅಂಕಲ್ ಅಂತ ಕರೀತಿದ್ದ. ನಾನು ಹೆದರಿದೆ. ಹೆಸರು ಬರೀದೆ ಡಬ್ಬಕ್ಕೆ ಹಾಕಿದೆ. ಗಂಟೆ ತಪ್ಪಿದ್ದು ಮಾತ್ರ ಬೇಕಂತ ಅಲ್ಲ, ಆಣೆ ಮಾಡ್ತೇನೆ. ಮೀಟಿಂಗಿನಲ್ಲಿ ಬೆನ್ನಿ ಆರು ನಲವತ್ತು ಅಂದಾಗ ನನಗೆ ಗೊತ್ತಾಯ್ತು. ಗೊತ್ತಾಗಿ ಸುಮ್ಮನೆ ಕೂತೆ. ಬಚಾವಾದೆ ಅಂತ ಕಂಡಿತು ಆಗ. ಆಮೇಲೆ ಸೀಲು ಒತ್ತಿದೆ.

ವೀಸಾದ ಭಯ ಇಲ್ಲದಿದ್ರೆ ಅಲ್ಲೇ ಎದ್ದು ಹೇಳ್ತಿದ್ದೆ. ನೀವು ನಂಬುದಾದ್ರೆ ನಂಬಿ. ವೀಸಾ ಒಂದು ಬಂದಿದ್ರೆ...

ಯಾಕೆ ಆ ಕಡೆ ನೋಡ್ತೀರಿ? ಅದು ಫ್ರಿಜ್ಜು.

ಹೌದು, ಬೆನ್ನಿಯೇ ಹೊತ್ತು ತಂದದ್ದು. ವತ್ಸಲಾ, ಮಕ್ಕಳು ಬರುವ ಹಿಂದಿನ ದಿನ. ಅವ ಮೇಲಿನಿಂದ ಹಿಡಿದ, ನಾನು ಕೆಳಗಿನಿಂದ. ಎರಡನೇ ಮಾಳಿಗೆಯ ತಿರುವಿನಲ್ಲಿ ಕೆಳಗಿಟ್ಟು ಸ್ವಲ್ಪ ನಿಂತೆವು.

ನಿಮಗೆ ಹೇಳಿದ್ದಾನಾ ಅದು? ನಿಮ್ಮ ಮುಖ ನೋಡಿದ್ರೆ ನನಗೆ ಗೊತ್ತಾಗುದಿಲ್ಲ. ಎಂತಾದ್ರೂ ಹೇಳಿ. ಬೈಯುದಾದ್ರೆ ಬೈಯಿರಿ, ಹೀಗೆ ಕೂರ್ಬೇಡಿ...

ಕೇಳಿದ. ಅಲ್ಲಿ, ಮೆಟ್ಟಿಲಿನಲ್ಲಿ, ಬೆವರು ಒರೆಸ್ಕೊಂಡು. 'ತನಿಯಣ್ಣ, ಆ ಸಂಜೆ ನೀವೇನಾದ್ರೂ ಟೆರೇಸಿಗೆ ಹೋಗಿದ್ರಾ? ಏನಾದ್ರೂ ಕಂಡಿದ್ರಾ? ನೀವು ಇಲ್ಲ ಅಂದ್ರೆ ಖಲಾಸ್, ನಾನೂ ಕಂಡಿಲ್ಲ ಅಂತ ತಿಳ್ಕೊಳ್ತೇನೆ' ಅಂದ. ವೀಸಾ ಆಗ ಬಂದಾಗಿತ್ತು ಬಾಯಿ. ಮರುದಿನ ಬೆಳಿಗ್ಗೆ ಅವರ ವಿಮಾನ. ಹೆದರ್ಲಿಕ್ಕೆ ಎಂತದ್ದೂ ಇರ್ಲಿಲ್ಲ ನನಗೆ. ಈಗ ಹೌದು ಅಂದ್ರೆ, ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಾನಲ್ಲ, ನಾಚಿಕೆ ಆಯ್ತು. ಅಷ್ಟಕ್ಕೇ. 'ಇಲ್ಲ ಬೆನ್ನಿ, ನಾನು ಎಂತದ್ದೂ ಕಂಡಿಲ್ಲ' ಅಂದೆ.

ಅವ ನನ್ನ ಭುಜದ ಮೇಲೆ ಕೈ ಇಟ್ಟ. 'ನನಗೆ ಸಮಾಧಾನ ಆಗ್ಲಿ ಅಂತ ಸುಳ್ಳು ಹೇಳ್ಲಿಲ್ಲ ನೀವು, ಅದು ದೊಡ್ಡದು ತನಿಯಣ್ಣ' ಅಂದ. ಆಮೇಲೆ ಫ್ರಿಜ್ಜು ಎತ್ತಿದೆವು.

...ಅವ ಈಗ ಮನೆಯಲ್ಲಿ ಇದ್ದಾನಾ?