ಬಾಣಲೆ ಇಡದ ಮನೆ

ಒಂದೂರು, ಅಲ್ಲೊಬ್ಬ ಶ್ರೀಮಂತ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ನೀವು ನಿಮ್ಮ ಬೀದಿಯ ಯಾರನ್ನೋ ನೆನೆಸಿಕೊಂಡು, ಇದು ಅವರಿಗೆ ಹೇಳಿದ್ದು ಅಂತ ಹಾಯಾಗಿ ಕೂತುಬಿಡುತ್ತೀರಿ. ಅವನದು ಎಣ್ಣೆಯ ಗಾಣ. ಸುತ್ತಲ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಏನು ಕರಿದರೂ ಅದು ಅವನ ಗಾಣದ ಎಣ್ಣೆ. ಕೊಡುಗೈ ಮನುಷ್ಯ. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ, ಮೊದಲ ಹಬ್ಬಕ್ಕೆ ಅವನ ಮನೆಯಿಂದ ಒಂದು ಬುಟ್ಟಿ ಕಜ್ಜಾಯ ಹೋಗುತ್ತಿತ್ತು.

ಇಂಥವನಿಗೆ ಒಬ್ಬನೇ ಮಗ. ಆ ಮಗ ಮೂರು ದಿನದ ಜ್ವರದಲ್ಲಿ ತೀರಿಹೋದ. ಹಿಂದೆ ಉಳಿದದ್ದು ಎಳೆ ಪ್ರಾಯದ ಸೊಸೆ, ತೊಟ್ಟಿಲಲ್ಲಿ ಮೂರು ತಿಂಗಳ ಹೆಣ್ಣು ಕೂಸು. ಯಾಕೆ ಹೀಗಾಯಿತು ಎಂದು ನನ್ನನ್ನು ಕೇಳಬೇಡಿ. ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವವರ ಮಾತನ್ನು ನಾನು ನಂಬುವುದೂ ಇಲ್ಲ.

ಸಾವಾದ ಮನೆಯಲ್ಲಿ ಒಂದು ವರ್ಷ ಬಾಣಲೆ ಇಡುವುದಿಲ್ಲ, ಅಂದರೆ ಎಣ್ಣೆ ಕಾಯಿಸಿ ಹಬ್ಬದ ತಿಂಡಿ ಕರಿಯುವುದಿಲ್ಲ. ಹಬ್ಬ ಬಂದಾಗ ನೆರೆಹೊರೆಯವರೇ ತಟ್ಟೆ ತರುತ್ತಾರೆ. ಇದು ನಿಮಗೆಲ್ಲ ಗೊತ್ತಿರುವುದೇ. ದೀಪಾವಳಿ ಬಂತು, ನೆರೆಯವರು ತಟ್ಟೆ ಹಿಡಿದು ಬಂದರು. ಶ್ರೀಮಂತ ಹೊಸ್ತಿಲಲ್ಲಿ ಅಡ್ಡ ನಿಂತ. “ನಮಗೆ ಹಬ್ಬ ಇಲ್ಲ. ತಗೊಂಡು ಹೋಗಿ” ಎಂದ. ಬಂದ ತಟ್ಟೆಗಳೆಲ್ಲ ಮುಚ್ಚಿದ ಬಟ್ಟೆ ತೆಗೆಯದೆ ಹಿಂದೆ ಹೋದವು. ಅವನ ಹೆಂಡತಿ ಬಾಗಿಲ ಸಂದಿಯಿಂದ ನೋಡಿದಳು.

ವರ್ಷದ ತಿಥಿ ಮುಗಿಯಿತು. ನೆಂಟರು, “ಇನ್ನಾದ್ರೂ ಬಾಣಲೆ ಇಡಿಸಪ್ಪ” ಎಂದರು. “ನನ್ನ ಮಗ ವಾಪಸ್ ಬಂದ್ನಾ?” ಎಂದು ಕೇಳಿದ. ನೆಂಟರು ಕಾಫಿ ಕುಡಿದು ಎದ್ದುಹೋದರು. ಎರಡನೇ ವರ್ಷ ಬಂದ ತಟ್ಟೆಗಳು ಕಡಿಮೆಯಾದವು. ಮೂರನೇ ವರ್ಷ ಒಂದೋ ಎರಡೋ. ನಾಲ್ಕನೇ ವರ್ಷ ಒಂದೂ ಇಲ್ಲ. ಊರವರಿಗೆ ಬೇಜಾರಾಯಿತೇ? ಇಲ್ಲ. ನಿಜ ಹೇಳಬೇಕೆಂದರೆ, ಒಂದು ಮನೆಗೆ ಹೋಗುವುದು ತಪ್ಪಿತು ಎಂದು ಸುಮ್ಮನಾದರು.

ಅವನ ಮನಸ್ಸಿನಲ್ಲಿ ಏನಿತ್ತು? ಈ ಮನೆಯಲ್ಲಿ ಎಂದು ಹಬ್ಬದ ವಾಸನೆ ಏಳುತ್ತದೋ, ಅಂದು ಮಗ ನಿಜವಾಗಿ ಸತ್ತ ಹಾಗೆ ಎಂದುಕೊಂಡಿದ್ದ. ಒಮ್ಮೆ ಮೊಮ್ಮಗಳು ಅಜ್ಜನ ಮೆಟ್ಟನ್ನು ಎಡಬಲ ಅದಲುಬದಲಾಗಿ ಹಾಕಿಕೊಂಡು, ಬೆನ್ನ ಹಿಂದೆ ಕೈಕಟ್ಟಿ ಅಂಗಳದಲ್ಲಿ ಓಡಾಡಿದಳು. ಅವನಿಗೆ ನಗು ಬಂತು. ಕೂಡಲೇ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ. ನೋಡಿ, ನಗುವನ್ನು ತೊಳೆದುಕೊಂಡ ಮನುಷ್ಯ. ಇದಕ್ಕೆ ನೀವು ನಗುತ್ತಿದ್ದೀರಿ. ನಗಿ, ಪರವಾಗಿಲ್ಲ.

ಮತ್ತೊಂದು ದೀಪಾವಳಿ. ಅಷ್ಟು ಹೊತ್ತಿಗೆ ಮುತ್ತುಗದ ಎಲೆ ಹಚ್ಚಿ ಊಟದೆಲೆ, ದೊನ್ನೆ ಮಾರುವ ಒಬ್ಬ ಮುದುಕಿ ಮಗಳ ಊರಿನಿಂದ ಹಿಂದಿರುಗಿದ್ದಳು. ನಾಲ್ಕೈದು ವರ್ಷ ಊರಲ್ಲೇ ಇರಲಿಲ್ಲ. ಸಾವಿನ ಸುದ್ದಿ ಈಗ ಕಿವಿಗೆ ಬಿದ್ದು, ದೊನ್ನೆಯಲ್ಲಿ ನಾಲ್ಕು ಕಜ್ಜಾಯ ಇಟ್ಟುಕೊಂಡು ಬಂದಳು. ಶ್ರೀಮಂತ ಜಗಲಿಯ ಮೇಲೆ ಕೂತಿದ್ದ. ಪಕ್ಕದಲ್ಲಿ ಮೊಮ್ಮಗಳು.

“ನಮಗೆ ಹಬ್ಬ ಇಲ್ಲ. ತಗೊಂಡು ಹೋಗು.”

“ಹಬ್ಬ ಇಲ್ಲ ಅಂತಾನೇ ತಂದಿದ್ದು ಯಜಮಾನ್ರೇ. ಹಬ್ಬ ಇರೋ ಮನೆಗೆ ನನ್ನ ಕಜ್ಜಾಯ ಯಾಕೆ ಬೇಕು?”

ಅವನು ಬೇರೆ ಕಡೆ ನೋಡಿದ. ಮುದುಕಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು.

“ನಮ್ಮನೆಯವ್ರು ತೀರಿಕೊಂಡ ವರ್ಷ ನಿಮ್ಮನೆಯಿಂದ ಬುಟ್ಟಿ ಬಂತು. ಅಳ್ತಾ ಅಳ್ತಾನೇ ಮೂರು ತಿಂದೆ. ಆಮೇಲೆ ನಾಚಿಕೆ ಆಯ್ತು, ಗಂಡ ಸತ್ತವಳು ಮೂರು ತಿಂದೆನಲ್ಲ ಅಂತ. ಆದ್ರೆ ಮಾರನೇ ದಿನ ಎದ್ದು ಎಲೆ ಹಚ್ಚೋಕೆ ಕೂತೆ. ಅಲ್ಲೀತನಕ ಎದ್ದೇ ಇರ್ಲಿಲ್ಲ.”

“ನಿನ್ನ ದುಃಖ ಬೇರೆ, ನಂದು ಬೇರೆ.”

“ಬೇರೇನೇ. ಇಲ್ಲ ಅಂದೋರು ಯಾರು?”

ಅಷ್ಟಾದರೂ ಅವನು ಕೈ ಚಾಚಲಿಲ್ಲ. ಮುದುಕಿ ಒಂದು ಕಜ್ಜಾಯ ತೆಗೆದು ಮಗುವಿನ ಮುಂದೆ ಹಿಡಿದಳು. ಮಗು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿತು. ಹುಬ್ಬು ಗಂಟಿಕ್ಕಿತು. “ನಮಗೆ ಹಬ್ಬ ಇಲ್ಲ. ತಗೊಂಡು ಹೋಗು” ಎಂದಿತು.

ಅದೇ ಮಾತು, ಅದೇ ಗಡಸು. ಐದು ವರ್ಷ ತುಂಬದ ಬಾಯಲ್ಲಿ.

ಆ ಮಾತಿಗೆ ಶ್ರೀಮಂತ ತಿರುಗಿ ಮೊಮ್ಮಗಳನ್ನು ನೋಡಿದ. ಇದೇ ವಯಸ್ಸಿನಲ್ಲಿ ಇವಳ ಅಪ್ಪ ಬಾಣಲೆಯಿಂದ ಆಗ ತಾನೇ ತೆಗೆದ ಕಜ್ಜಾಯಕ್ಕೆ ಕೈಹಾಕಿ ಬೆರಳು ಸುಟ್ಟುಕೊಂಡಿದ್ದ. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡೇ ಇನ್ನೊಂದಕ್ಕೆ ಕೈಹಾಕಿದ್ದ. ಇಷ್ಟು ವರ್ಷಗಳಲ್ಲಿ ಇದು ಒಮ್ಮೆಯೂ ಅವನಿಗೆ ನೆನಪಾಗಿರಲಿಲ್ಲ. ಮಗನನ್ನು ಉಳಿಸಿಕೊಂಡಿದ್ದೇನೆ ಎಂದುಕೊಂಡವನು ಉಳಿಸಿಕೊಂಡದ್ದು ಏನನ್ನು? ಜ್ವರದ ಮೂರು ದಿನಗಳನ್ನು. ಇಪ್ಪತ್ತಾರು ವರ್ಷ ಬದುಕಿದ ಮಗನ ಮೂರೇ ಮೂರು ದಿನ.

ಅವನು ಕಜ್ಜಾಯ ತೆಗೆದುಕೊಂಡ. ಕಚ್ಚಿದ. ಕಣ್ಣಲ್ಲಿ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

“ತಾತ, ತಿನ್ನಬಹುದಾ?”

“ತಿನ್ನಬಹುದು ಪುಟ್ಟಿ.”

“ನೀನು ಅಳ್ತಿದ್ದೀಯಲ್ಲ?”

“ಅಳ್ತಾನೂ ತಿನ್ನಬಹುದು.”

ಮಗು ತಿಂದಿತು. ದೊನ್ನೆಯಲ್ಲಿ ಉಳಿದ ಎರಡನ್ನು ಅವನೇ ಒಳಗೆ ಒಯ್ದು ಹೆಂಡತಿಗೆ, ಸೊಸೆಗೆ ಕೊಟ್ಟ. ಹೆಂಡತಿ ಅಟ್ಟ ಹತ್ತಿ ಬಾಣಲೆ ಇಳಿಸಿದಳು. ತುಕ್ಕು ಹಿಡಿದಿತ್ತು, ಉಜ್ಜಲು ಮಧ್ಯಾಹ್ನದವರೆಗೆ ಹಿಡಿಯಿತು. ಹಾಗಾದರೆ ಅವನ ದುಃಖ ಹೋಯಿತೇ? ಹೋಗಲಿಲ್ಲ. ಸಾಯುವವರೆಗೂ ಇತ್ತು. ದುಃಖ ಹೋಗುತ್ತದೆ ಎಂದು ಹೇಳಲು ನಾನು ಈ ಕಥೆ ಎತ್ತಿಕೊಂಡಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ. ಹಿರಿಯರು ಸಾವಿನ ಮನೆಯಲ್ಲಿ ಕರಿಯಬೇಡಿ ಎಂದರು. ತಿನ್ನಬೇಡಿ ಎಂದರೇ? ಅನ್ನಲಿಲ್ಲ. ಈ ವರ್ಷ ನಿನ್ನಿಂದ ಸಂತೋಷ ಮಾಡಲು ಆಗುವುದಿಲ್ಲ, ನಮಗೆ ಗೊತ್ತು, ಬೇರೆಯವರು ತಂದರೆ ಬೇಡ ಎನ್ನಬೇಡ ಎಂದರು. ನಾವೋ, ಮೊದಲರ್ಧ ಉಳಿಸಿಕೊಂಡು ಉಳಿದರ್ಧ ಬಿಟ್ಟೆವು. ದುಃಖದಲ್ಲಿರುವವರೇ, ನಿಮ್ಮ ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ಮನೆಯ ಮಕ್ಕಳು ದನಿ ತಗ್ಗಿಸುತ್ತಾರಾ? ಯೋಚನೆ ಮಾಡಿ. ನಾಳೆ ಮಗು ನಕ್ಕರೆ ಶ್ ಎನ್ನಬೇಡಿ. ಪಕ್ಕದ ಮನೆಯಾಕೆ ಕಾಫಿಗೆ ಕರೆದರೆ ಇನ್ನೊಂದು ದಿನ ಅನ್ನಬೇಡಿ, ಎದ್ದು ಹೋಗಿ. ಅಲ್ಲಿ ಕಣ್ಣೀರು ಬಂದರೆ ಬರಲಿ.

ಇನ್ನು, ಈ ವರ್ಷ ಯಾವ ಕಷ್ಟವೂ ಇಲ್ಲದೆ ಆರಾಮವಾಗಿ ಕೂತಿರುವವರಿಗೆ ಒಂದು ಮಾತು. ಒಮ್ಮೆ ಬೇಡ ಎಂದರು ಅನ್ನುವುದನ್ನೇ ನೆಪ ಮಾಡಿಕೊಂಡು ನೀವು ಹೋಗುವುದನ್ನು ಬಿಟ್ಟ ಮನೆ ಯಾವುದು? ನಿಮಗೆ ಗೊತ್ತಿದೆ. ನಾಳೆಯೇ ಹೋಗಿ. ಮತ್ತೆ ಬೇಡ ಎಂದರೆ ಮುಂದಿನ ವಾರ ಮತ್ತೆ ಹೋಗಿ.

ಈಗ ಪ್ರಸಾದ ಹಂಚುತ್ತಾರೆ. ಹಿಂದಿನ ಸಾಲಿನಲ್ಲಿ ಕೆಲವರು ಪ್ರತಿ ವಾರ ಅದಕ್ಕೂ ಮುಂಚೆ ಎದ್ದು ಹೋಗುತ್ತೀರಿ. ಯಾರು, ಯಾಕೆ ಎಂದು ನನಗೆ ಗೊತ್ತಿದೆ. ಇವತ್ತು ಕೂತಿರಿ. ಹತ್ತಿರ ಬಂದಾಗ ಕೈ ನೀಡಿ.