ಬಾಡಿಗೆ ಪ್ಲಸ್ಸು

ಶಂಕರಪುರದ ಬಸ್ ಸ್ಟಾಪಿನಲ್ಲಿ ಕೂತಿದ್ದ ಅಂಬುಜಮ್ಮನ ಕಿವಿಗೆ ಬೆನ್ನ ಹಿಂದೆ ನಿಂತಿದ್ದ ಇಬ್ಬರ ಮಾತು ತಾನಾಗಿಯೇ ಬಿತ್ತು. ಒಬ್ಬ, ಇಟ್ಟಿಗೆ ಸಾಗಿಸುವ ಹಳೇ ಟ್ರ್ಯಾಕ್ಟರಿನ ಯಜಮಾನ. ಇನ್ನೊಬ್ಬ, ಅದನ್ನು ಇಪ್ಪತ್ತು ವರ್ಷದಿಂದ ಓಡಿಸುತ್ತಿದ್ದ ಅಪ್ಪಯ್ಯ.

"ಟ್ರ್ಯಾಕ್ಟರ್ ಬ್ಯಾಟ್ರೀನ ಆರು ವೋಲ್ಟಿಂದ ಹನ್ನೆರಡಕ್ಕೆ ಮಾಡ್ಸೋಣ ಅಂತ ಹೋದ್ರೆ ಡೈನಮೋನೇ ಸುಟ್ಟೋಯ್ತಲ್ಲೋ ಅಪ್ಪಯ್ಯ."

"ಮೆಕ್ಯಾನಿಕ್ಕು ಹೊಸ ಗಾಡಿಗಳ ಥರ ಬ್ಯಾಟ್ರಿ ಮೈನಸ್ ವೈರನ್ನ ಬಾಡಿಗೆ ಕೊಟ್ಟ. ನಮ್ ಗಾಡೀಲಿ ಪ್ಲಸ್ಸು ಬಾಡಿಗೆ ಹೋಗ್ಬೇಕು."

"ಗೊತ್ತಿದ್ದೂ ಬಾಯ್ ಮುಚ್ಕೊಂಡಿದ್ಯಾ?"

"ಹೇಳಿದ್ನಲ್ಲ ಸಾರ್. ಬಾಡಿಗೆ ಪ್ಲಸ್ಸು ಕೊಡಿ ಅಂದೆ. ನೀವು, ಸಂಬಳ ಸಾಲ್ದು ಅಂತ ಬಾಡಿಗೇಲೂ ಪಾಲು ಬೇಕಾ ಅಂತ ಎಲ್ರ ಎದುರಿಗೆ ಬೈದು ಆಚೆ ಕಳ್ಸಿದ್ರಿ."



"ಬಾಡಿಗೆ ಅಂದ್ರೆ ಗಾಡಿ ಮೈಗೆ ಅಂತ ಬಿಡಿಸಿ ಹೇಳ್ಬೇಕಿತ್ತು ನೀನು."

"ನಾನ್ ಏನ್ ಹೇಳಿದ್ರೂ ನಿಮಗೆ ದುಡ್ಡು ಕೇಳ್ದಂಗೇ ಕೇಳ್ಸುತ್ತೆ."

ಅಷ್ಟರಲ್ಲಿ ಬಸ್ಸು ಬಂತು. ಯಜಮಾನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ನೋಡಿದ.

"ಹತ್ತು, ಹತ್ತು. ಟಿಕೆಟ್ ನಾನೇ ತಗೋತೀನಿ."

"ನಾನೇನ್ ಕೇಳಿದ್ನಾ ಸಾರ್?" ಎಂದ ಅಪ್ಪಯ್ಯ, ಬಿನ್ನಿಪೇಟೆಯ ಕಡೆಗೆ ನಡೆದುಬಿಟ್ಟ.